ಸೀಮೆಸುಣ್ಣ ಹಚ್ಚಿದ ಬ್ರೇಕು

ನನಗೆ ಸಂಬಳ ಬರುವುದು ಬಾಯಿಯ ದೆಸೆಯಿಂದ. ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯೊಂದರ ಸಹಾಯವಾಣಿಯಲ್ಲಿ ಕೂತು, ಕಿವಿಗೆ ಫೋನು ಸಿಕ್ಕಿಸಿಕೊಂಡು, ದಿನಕ್ಕೆ ಎಪ್ಪತ್ತು ಎಂಬತ್ತು ಜನಕ್ಕೆ "ಪ್ಲಗ್ ತೆಗೆದು ಮತ್ತೆ ಹಾಕಿ ನೋಡಿ" ಎನ್ನುತ್ತೇನೆ. ಮುಕ್ಕಾಲು ಪಾಲು ಯಂತ್ರಗಳು ಅಷ್ಟಕ್ಕೇ ಸರಿಹೋಗುತ್ತವೆ. ಉಳಿದವನ್ನು ಬೇರೆ ವಿಭಾಗಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತೇನೆ. ನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ ಯಂತ್ರವೆಂದರೆ ನನಗೆ ಗೊತ್ತು ಎಂಬ ಭ್ರಮೆ ತಲೆಗೇರಿತ್ತು. ಸ್ಪ್ಯಾನರ್ ಮಾತ್ರ ಒಮ್ಮೆಯೂ ಹಿಡಿದಿರಲಿಲ್ಲ.

ಆ ಭ್ರಮೆ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ ಪೂರ್ತಿ ಇಳಿಯಿತು. ಇಳಿಸಿದವರು ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ.

ಅತ್ತೆಗೆ ಅರವತ್ತೊಂದು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳಿದವರಿಗೆ "ಅಳತೆ ಕೂಡಿಬರಲಿಲ್ಲ" ಅಂತ ಹೇಳಿ ಬಾಯಿ ಮುಚ್ಚಿಸುತ್ತಾರೆ. ನಮ್ಮ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಅವರ ವಾಸ, ಮೇಲಿನ ಮಹಡಿಯಲ್ಲಿ ನಾವು. ಕೆಲಸ ದರ್ಜಿಯದು. ಆದರೆ ಅಂಗಡಿ ಇಲ್ಲ, ಬೋರ್ಡು ಇಲ್ಲ. ಅಂಗಡಿಗೆ ಬರಲಾಗದವರ ದರ್ಜಿ ಅವರು. ಗಾಲಿಕುರ್ಚಿಯಲ್ಲಿ ಕೂತೇ ಇರುವ ಗಣಿತದ ಮೇಷ್ಟರಿಗೆ ಸೊಂಟದ ಹಿಂದೆ ಎತ್ತರ, ಮುಂದೆ ತಗ್ಗು ಇರುವ ಪ್ಯಾಂಟು ಬೇಕು. ಇಲ್ಲದಿದ್ದರೆ ಕೂತಾಗ ಹಿಂದೆ ಜಾರುತ್ತದೆ, ಮುಂದೆ ಹೊಟ್ಟೆಗೆ ಒತ್ತುತ್ತದೆ. ಹಾಸಿಗೆ ಹಿಡಿದವರಿಗೆ ಬೆನ್ನಿನ ಕಡೆ ಪೂರ್ತಿ ತೆರೆದುಕೊಳ್ಳುವ ಅಂಗಿ ಬೇಕು. ಒಂದು ಕಾಲು ಎರಡಂಗುಲ ಗಿಡ್ಡವಿರುವವರಿಗೆ ಎರಡು ಕಾಲಿಗೆ ಎರಡು ಉದ್ದ, ನೋಡಿದವರಿಗೆ ಮಾತ್ರ ಒಂದೇ ಉದ್ದ. ಇಂಥ ಮೂವತ್ತು ನಲವತ್ತು ಮನೆಗಳಿಗೆ ಅತ್ತೆ ಹೊಲಿಗೆ ಯಂತ್ರವನ್ನೇ ಹೊತ್ತುಕೊಂಡು ಹೋಗಿ, ಅಲ್ಲೇ ಕತ್ತರಿಸಿ, ಅಲ್ಲೇ ತೊಡಿಸಿ ನೋಡಿ, ಅಲ್ಲೇ ಹೊಲಿದು ಬರುತ್ತಾರೆ.

ಹೊತ್ತುಕೊಂಡು ಅಂದೆ; ಹೊರುವುದು ಸ್ಕೂಟರು. ಅದು ಅತ್ತೆಗಿಂತ ಬರೀ ಹತ್ತು ವರ್ಷ ಚಿಕ್ಕದು. ತಗಡಿನ ಮೈ, ದುಂಡನೆಯ ಬುಡ, ಕೈಯಲ್ಲೇ ತಿರುಚಿ ಬದಲಾಯಿಸುವ ಗೇರು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅತ್ತೆ ಅದನ್ನು ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರಿಂದ ಕೊಂಡು, ಮೊದಲ ವಾರದಲ್ಲೇ ಮೋರಿಗೆ ಇಳಿಸಿ, ಎರಡನೇ ವಾರ ಕಲಿತರು. ಕಾಲಿಡುವ ಜಾಗದಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟಿದೆ. ಹೊಲಿಗೆ ಯಂತ್ರ ಅದರೊಳಗೆ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂರುತ್ತದೆ. ಹೊಸ ಗಾಡಿ ತಗೋ ಅಂತ ಯಾರಾದರೂ ಅಂದರೆ ಅತ್ತೆ ಬೆರಳಿನ ಗೆಣ್ಣಿನಿಂದ ಆ ಗಾಡಿಯ ಮೈಯನ್ನು ತಟ್ಟಿ, "ಪ್ಲಾಸ್ಟಿಕ್‌ಗೆ ವೆಲ್ಡಿಂಗ್ ಮಾಡಿಕೊಡ್ತೀಯಾ?" ಎನ್ನುತ್ತಾರೆ.

ಎರಡು ವಾರದ ಹಿಂದೆ ಈ ಸ್ಕೂಟರು ವಾಹನ ಕಚೇರಿಯ ಪರೀಕ್ಷೆಯಲ್ಲಿ ಫೇಲಾಯಿತು. ಕಚೇರಿಯ ಹಿಂದೆ ಒಂದು ಇಳಿಜಾರಿದೆ. ಅದನ್ನು ಏರುವಾಗ ಮಧ್ಯದಲ್ಲಿ ಹಿಂದಿನ ಬ್ರೇಕ್ ಒಂದನ್ನೇ ಒತ್ತಿ ಗಾಡಿ ನಿಲ್ಲಿಸಬೇಕು. ಅತ್ತೆ ಒತ್ತಿದರು. ಗಾಡಿ ನಿಲ್ಲಲಿಲ್ಲ. ಅವಸರವೇನೂ ಇಲ್ಲದೆ, ಮರ್ಯಾದಸ್ಥರ ಹಾಗೆ ನಿಧಾನಕ್ಕೆ ಹಿಂದಕ್ಕೆ ಜಾರಿ ಒಂದು ಕಂಬಕ್ಕೆ ಒರಗಿಕೊಂಡಿತು. ಇನ್‌ಸ್ಪೆಕ್ಟರು ಚೀಟಿ ಬರೆದರು: ಹದಿನಾಲ್ಕು ದಿನ ಗಡುವು, ಕೊನೆಯ ದಿನ ಶುಕ್ರವಾರ ಸಂಜೆ ನಾಲ್ಕು. ಅಷ್ಟರೊಳಗೆ ಬ್ರೇಕ್ ಹಿಡಿಯದಿದ್ದರೆ ನೋಂದಣಿ ರದ್ದು, ಗಾಡಿ ರಸ್ತೆಗಿಳಿಯುವ ಹಾಗಿಲ್ಲ.

ಅಪ್ಪ ಇದಕ್ಕೇ ಕಾಯುತ್ತಿದ್ದವರಂತೆ ಒಬ್ಬ ಗಿರಾಕಿಯನ್ನು ಕರೆತಂದರು. ಹೊಸದಾಗಿ ಕಾಫಿ ಹೋಟೆಲು ತೆರೆಯುತ್ತಿದ್ದ ಯುವಕ. ಗಡ್ಡಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದ. ಸ್ಕೂಟರನ್ನು ಸುತ್ತು ಹಾಕಿ ನೋಡಿ ಕೈ ಜೋಡಿಸಿದ.

"ಅಮ್ಮಾ, ಇದನ್ನ ನಾವು ಓಡ್ಸಲ್ಲ. ಗೋಡೆಗೆ ಎರಡು ಕೊಂಡಿ ಹಾಕಿ ನೇತುಹಾಕ್ತೀವಿ. ಮೇಲಿಂದ ಲೈಟ್ ಬಿಟ್ರೆ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?"

"ಪಕ್ಕದಲ್ಲಿ ನನ್ನನ್ನೂ ನೇತುಹಾಕಪ್ಪ," ಅಂದರು ಅತ್ತೆ. "ಜೋಡಿ ಚೆನ್ನಾಗಿರುತ್ತೆ."

ಅಪ್ಪನಿಗೆ ಕೆಟ್ಟ ಬುದ್ಧಿ ಏನಿಲ್ಲ. ಶಾಲೆಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ತಂಗಿ ಗೇಟು ದಾಟಿದ ಕೂಡಲೇ ಅವರ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ವಾಪಸು ಬಂದು ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದ ಮೇಲೆ ನಿಲ್ಲುತ್ತದೆ. "ಪುಟ್ಟಿ, ಸಾಕು ಕಣೇ, ಬ್ರೇಕಿಲ್ಲದ ಗಾಡೀಲಿ ಎಷ್ಟು ದಿನ ಅಂತ ದೇವರ ಮೇಲೆ ಭಾರ ಹಾಕ್ತೀಯಾ" ಅಂದರು. ಕೊನೆಗೆ ಅಣ್ಣ ತಂಗಿಯರ ನಡುವೆ ಒಪ್ಪಂದವಾಯಿತು. ಶುಕ್ರವಾರ ಪಾಸಾದರೆ ಇನ್ನು ಆ ಮಾತೇ ಎತ್ತುವ ಹಾಗಿಲ್ಲ. ಫೇಲಾದರೆ ಅತ್ತೆ ತಾವೇ ಬೀಗದ ಕೈ ಕೊಡಬೇಕು. ಹೋಟೆಲಿನವನ ಟೆಂಪೋ ಐದು ಗಂಟೆಗೆ ಬರುತ್ತದೆ.

ಈ ಗಾಡಿಯ ನಾಡಿ ಬಲ್ಲ ಮೆಕ್ಯಾನಿಕ್ ಆರು ವರ್ಷದ ಹಿಂದೆಯೇ ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗಿದ್ದ. ಉಳಿದವರು ಸ್ಕೂಟರನ್ನು ದೂರದಿಂದ ನೋಡಿಯೇ ಕೈ ಆಡಿಸಿದರು. ಹತ್ತು ದಿನ ಅಲೆದ ಮೇಲೆ ಒಂದು ಬಿಡಿಭಾಗದ ಅಂಗಡಿಯ ಅಟ್ಟದ ಮೂಲೆಯಲ್ಲಿ, ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟ ಒಂದು ಜೊತೆ ಬ್ರೇಕ್ ಶೂ ಸಿಕ್ಕಿತು. ಹಾಕಿಕೊಡುವವರು ಸಿಗಲಿಲ್ಲ. ಆಗ, ಗುರುವಾರ ಊಟಕ್ಕೆ ಕೂತಾಗ, ನನ್ನ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು:

"ಬ್ರೇಕ್ ಶೂ ತಾನೇ ಅತ್ತೆ? ಅರ್ಧ ಗಂಟೆ ಕೆಲಸ. ನಾನೇ ಹಾಕ್ತೀನಿ."

ಮರುದಿನ ಬೆಳಿಗ್ಗೆ ಆಫೀಸಿಗೆ ಜ್ವರ ಅಂತ ಫೋನು ಮಾಡಿ ಕೆಳಗಿಳಿದೆ. ಅಂಗಳದಲ್ಲಿ ಅತ್ತೆ ಆಗಲೇ ಸ್ಕೂಟರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಬಟ್ಟೆಯ ನಮೂನೆ ಕತ್ತರಿಸುವ ಕಂದು ಕಾಗದ ಹಾಸಿ, ನಾಲ್ಕು ಮೂಲೆಗೂ ಇಸ್ತ್ರಿಪೆಟ್ಟಿಗೆ, ಕತ್ತರಿ, ಕಲ್ಲು, ಕಲ್ಲು ಇಟ್ಟಿದ್ದರು. ನಾನು ಮೊಬೈಲಿನಲ್ಲಿ ವಿಡಿಯೋ ಹಚ್ಚಿದೆ. ಹಿಂದಿನ ಚಕ್ರದ ನಡುವೆ ಒಂದು ದೊಡ್ಡ ನಟ್ಟು. ಅದನ್ನು ಬಿಚ್ಚಿದರೆ ಚಕ್ರದ ಜೊತೆ ಬ್ರೇಕ್ ಡ್ರಮ್ ಹೊರಗೆ ಬರುತ್ತದೆ, ಡ್ರಮ್ ಬಂದರೆ ಒಳಗೆ ಶೂ. ನಟ್ಟು ಕಳಚದಂತೆ ತಡೆಯುವ ಕಾಟರ್ ಪಿನ್ ಎಳೆದು ಹಾಕಿ, ಸ್ಪ್ಯಾನರ್ ಹಚ್ಚಿ ತಿರುಗಿಸಿದೆ. ನಟ್ಟು ತಿರುಗಿತು. ಚಕ್ರವೂ ಜೊತೆಗೇ ತಿರುಗಿತು. ಎಷ್ಟು ತಿರುಗಿಸಿದರೂ ಗಂಡ ಹೆಂಡತಿ ಥರ ಎರಡೂ ಒಟ್ಟಿಗೇ.

"ವಿಡಿಯೋ ಏನಂತೆ?" ಅತ್ತೆ ಕೇಳಿದರು.

"ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕಂತೆ. ಆಮೇಲೆ ನಟ್ ತಿರುಗಿಸ್ಬೇಕಂತೆ."

"ಹಿಂದಿನ ಬ್ರೇಕ್ ಹಿಡಿಯೋ ಹಾಗಿದ್ರೆ ನಿನ್ನ ಯಾಕೋ ಕರೀತಿದ್ದೆ?"

ಬೇರೆ ವಿಭಾಗಕ್ಕೆ ದಾಟಿಸೋಣವೆಂದರೆ ಬೇರೆ ವಿಭಾಗವೇ ಇರಲಿಲ್ಲ. ಅತ್ತೆ ಒಳಗೆ ಹೋಗಿ ಸೋಫಾ ದಿಂಬಿನ ಅಂಚಿಗೆ ಹೊಲಿಯುವ ದಪ್ಪ ಹತ್ತಿಯ ಹುರಿ ತಂದರು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಹುರಿಯನ್ನು ಸೂಜಿಗೆ ದಾರ ಪೋಣಿಸುವಷ್ಟು ತಾಳ್ಮೆಯಿಂದ ಇಳಿಸತೊಡಗಿದರು.

"ಅತ್ತೆ, ಇದೇನು?"

"ಪಿಸ್ಟನ್ ಮೇಲೆ ಬರೋಕೆ ನೋಡುತ್ತೆ, ಹುರಿ ಬಿಡಲ್ಲ. ಪಿಸ್ಟನ್ ಸಿಕ್ಕಿಕೊಂಡ್ರೆ ಗೇರು ಸಿಕ್ಕಿಕೊಂಡ ಹಾಗೆ, ಗೇರು ಸಿಕ್ಕಿಕೊಂಡ್ರೆ ಚಕ್ರ. ಹಳೇ ಮೆಕ್ಯಾನಿಕ್ ಒಂದ್ಸಲ ಮಾಡಿದ್ದ, ನೋಡಿದ್ದೆ. ಮೊದಲನೇ ಗೇರಿಗೆ ಹಾಕು. ಹೂಂ, ಈಗ ತಿರುಗಿಸು."

ತಿರುಗಿಸಿದೆ. ಚಕ್ರ ಅಲುಗಲಿಲ್ಲ. ನಟ್ಟೂ ಅಲುಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಒಂದು ಕಬ್ಬಿಣದ ಕೊಳವೆ ತೂರಿಸಿ ಉದ್ದ ಮಾಡಿ, ಅದರ ಮೇಲೆ ನನ್ನ ಇಡೀ ದೇಹವನ್ನು ಹೇರಿದೆ. 'ಟಕ್' ಅಂದಿತು. ನಟ್ಟು ಬಿಟ್ಟುಕೊಟ್ಟಿತು; ನಾನು ಅಂಗಳದಲ್ಲಿ ಬೆನ್ನ ಮೇಲೆ ಬಿದ್ದಿದ್ದೆ. ಅತ್ತೆ ನನ್ನ ಕಡೆ ನೋಡದೆ ನಟ್ಟನ್ನು ಕಾಗದದ ಮೇಲಿಟ್ಟು, ಅದರ ಸುತ್ತ ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದು, ಒಳಗೆ 'ಒಂದು' ಅಂತ ಬರೆದರು. ಅವರ ಕೆಲಸದ ಕ್ರಮವೇ ಅದು. ಕೋಟು ಬಿಚ್ಚಿದರೂ ಅಷ್ಟೇ, ಸ್ಕೂಟರು ಬಿಚ್ಚಿದರೂ ಅಷ್ಟೇ, ಹೊರಬಂದ ಪ್ರತಿ ತುಂಡಿಗೂ ಒಂದು ಗೆರೆಯ ಮನೆ, ಒಂದು ನಂಬರು.

ಪೆಟ್ರೋಲು ಬಸಿದು, ಬಟ್ಟೆಚೂರು ತುಂಬಿದ ದಿಂಬಿನ ಮೇಲೆ ಗಾಡಿಯನ್ನು ಬಲಮಗ್ಗುಲಿಗೆ ಮಲಗಿಸಿದೆವು. ಚಕ್ರ ಬಂತು, ಡ್ರಮ್ ಬಂತು. ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು ಬೆನ್ನು ಹೊರಗೆ ಮಾಡಿ ಎದುರುಬದುರು ಕೂತಿದ್ದವು. ಅವುಗಳ ಬೆನ್ನಿಗೆ ಅಂಟಿಸಿದ ಲೈನರ್ ಒರಟಾಗಿರಬೇಕು. ಡ್ರಮ್ಮಿಗೆ ಒತ್ತಿ ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಅದೇ. ನಮ್ಮದು ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಸವೆದದ್ದೇನೂ ಹೆಚ್ಚಿಲ್ಲ. ಪೂರ್ತಿ ಎಣ್ಣೆ ಕುಡಿದಿತ್ತು.

"ಆ ಮೆಕ್ಯಾನಿಕ್ ಮಾಡಿದ ಕೆಲಸ ಇದು," ಅಂದರು ಅತ್ತೆ ಸಿಡುಕಿನಿಂದ. "ಗೇರ್ ಎಣ್ಣೆ ಸೋರೋ ಹಾಗೆ ಬಿಟ್ಟು ಹೋಗಿದಾನೆ."

ಎರಡು ಬೆರಳಿನಲ್ಲಿ ಎಣ್ಣೆ ತೆಗೆದು ಉಜ್ಜಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಮತ್ತೆ ಉಜ್ಜಿದರು. ಮುಖ ನಿಧಾನಕ್ಕೆ ಬದಲಾಯಿತು.

"ಏನಾಯ್ತು ಅತ್ತೆ?"

"ಗೇರ್ ಎಣ್ಣೆ ಕಪ್ಪಗೆ ಮಂದವಾಗಿರುತ್ತೆ. ಇದು ನೀರಿನ ಹಾಗಿದೆ." ಕಿಟಕಿಯ ಕಡೆ ತಿರುಗಿ ಅಂದರು: "ಇದು ನಮ್ಮನೇ ಎಣ್ಣೆ ಕಣೋ."

ಒಳಗೆ ಹೊಲಿಗೆ ಯಂತ್ರದ ಪಕ್ಕ, ಕಿಟಕಿಯ ಅಂಚಿನಲ್ಲಿ, ಉದ್ದ ಮೂತಿಯ ಎಣ್ಣೆಡಬ್ಬಿ ಇತ್ತು. ಪ್ರತಿ ಶನಿವಾರ ಯಂತ್ರದ ಪ್ರತಿ ಕೀಲಿಗೂ ಎರಡು ಹನಿ ಬಿಡುವುದು ಅತ್ತೆಯ ನೇಮ. ಮೆಕ್ಯಾನಿಕ್ ಊರು ಬಿಟ್ಟ ಮೇಲೆ ಸ್ಕೂಟರನ್ನೂ ಅದೇ ನೇಮಕ್ಕೆ ಸೇರಿಸಿಕೊಂಡಿದ್ದರು. ಎಲ್ಲೆಲ್ಲಿ ಲೋಹ ಲೋಹಕ್ಕೆ ತಾಗಿ ಅಲುಗುತ್ತದೋ ಅಲ್ಲೆಲ್ಲ ಎರಡು ಹನಿ. ಡ್ರಮ್ಮಿನ ಹಿಂದೆ ಬ್ರೇಕನ್ನು ಎಳೆಯುವ ಸನ್ನೆಕೋಲೊಂದಿದೆ. ಅದರ ಕೀಲಿಗೂ ಎರಡು ಹನಿ. ಆ ಎಣ್ಣೆ ಕೀಲಿನ ಕಂಬಿ ಹಿಡಿದುಕೊಂಡು ಸದ್ದಿಲ್ಲದೆ ಒಳಗೆ ನಡೆದು, ಆರು ವರ್ಷ ಲೈನರಿಗೆ ಎಣ್ಣೆಸ್ನಾನ ಮಾಡಿಸಿತ್ತು.

"ಅಣ್ಣಂಗೆ ಹೇಳ್ಬೇಡ," ಅಂದರು ಅತ್ತೆ ಮೆಲ್ಲಗೆ.

"ಏನು ಹೇಳ್ಬಾರ್ದು?" ಮೆಟ್ಟಿಲ ಮೇಲಿಂದ ಅಪ್ಪನ ದನಿ. ಕೈಯಲ್ಲಿ ಕಾಫಿಯ ಎರಡು ಲೋಟ.

ನಾನು ಸ್ಪ್ಯಾನರ್ ನೋಡತೊಡಗಿದೆ. ಅತ್ತೆ ಎದ್ದು ನಿಂತರು. ಸೆರಗಿಗೆ ಕೈ ಒರೆಸಿಕೊಂಡು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗಿಯ ಹಾಗೆ ನೆಟ್ಟಗೆ ನಿಂತು ಹೇಳಿದರು: "ಬ್ರೇಕ್ ಕೆಡಿಸಿದ್ದು ನಾನೇ ಅಣ್ಣ. ಗಾಡಿಗೆ ವಯಸ್ಸಾಗಿದ್ದಕ್ಕಲ್ಲ, ನನಗೆ ವಯಸ್ಸಾಗಿದ್ದಕ್ಕೂ ಅಲ್ಲ. ಮಿಷನ್ ಎಣ್ಣೆ ಬಿಟ್ಟೂ ಬಿಟ್ಟೂ ನಾನೇ ಕೆಡಿಸಿದೀನಿ."

ಅಪ್ಪ ಲೋಟಗಳನ್ನು ಜಗುಲಿಯ ಮೇಲಿಟ್ಟರು. "ಅದಕ್ಕೇ ಪುಟ್ಟಿ ನಾನು ಹೇಳೋದು. ಇದೆಲ್ಲಾ ನಮ್ಮ ಕೈಲಿ ಆಗೋ ಕೆಲಸ ಅಲ್ಲ. ಆ ಹುಡುಗಂಗೆ ಫೋನ್ ಮಾಡ್ತೀನಿ, ಈಗ್ಲೇ ಬಂದು ತಗೊಂಡು ಹೋಗ್ಲಿ."

"ಯಾಕೆ? ಯಾರೋ ಕೆಡಿಸಿದ್ರೆ ನನ್ ಕೈಲಿ ಏನೂ ಇರ್ತಿರಲಿಲ್ಲ. ನಾನೇ ಕೆಡಿಸಿದ್ದು ಅಂದ್ರೆ ಸರಿ ಮಾಡೋದೂ ನನ್ ಕೈಲೇ ಇದೆ ಅಂತಾಯ್ತು. ಗಂಟೆ ಎಷ್ಟು?"

"ಹನ್ನೊಂದು."

"ನಾಲ್ಕಕ್ಕೆ ಇನ್ನೂ ಐದು ಗಂಟೆ ಇದೆ. ಕಾಫಿ ಕೊಟ್ಟು ಮೇಲೆ ಹೋಗು."

ಅಪ್ಪ ಕಾಫಿ ಕೊಟ್ಟರು. ಮೇಲೆ ಹೋಗಲಿಲ್ಲ, ಜಗುಲಿಯ ಮೇಲೆಯೇ ಕೂತರು.

ಡ್ರಮ್ಮನ್ನು ಪೆಟ್ರೋಲಿನಲ್ಲಿ ಒರೆಸಿ, ಸೋಪಿನ ನೀರಿನಲ್ಲಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ತೊಳೆದು ಬಿಸಿಲಿಗಿಟ್ಟೆ. ಒಗೆಯುವ ವಿಷಯದಲ್ಲಿ ನನ್ನನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಆಮೇಲೆ ಹೊಸ ಶೂಗಳು. ಎರಡಕ್ಕೂ ಸೇರಿ ಒಂದೇ ಸ್ಪ್ರಿಂಗು. ಅದನ್ನು ಎಳೆದು ಹಿಡಿದುಕೊಂಡೇ ಶೂಗಳನ್ನು ಗೂಟಗಳ ಮೇಲೆ ಕೂರಿಸಬೇಕು. ನಾನು ಇಕ್ಕಳದಲ್ಲಿ ಎಳೆದೆ. ಇಕ್ಕಳ ಜಾರಿತು. ಸ್ಪ್ರಿಂಗು ನನ್ನ ಕಿವಿಯ ಪಕ್ಕ ಗುಂಯ್ ಅಂತ ಹಾರಿ, ತೆರೆದ ಬಾಗಿಲಿನೊಳಗೆ ಹೋಗಿ, ಬಟ್ಟೆಚೂರಿನ ಗುಡ್ಡೆಯಲ್ಲಿ ಮಾಯವಾಯಿತು.

ಆ ಗುಡ್ಡೆ ಅಂದರೆ ಹತ್ತು ವರ್ಷದ ಕತ್ತರಿಕೆ. ನಾನು ಎರಡೂ ಕೈ ಹಾಕಿ ಹುಡುಕಲು ಹೊರಟೆ.

"ಸರಿ ಪಕ್ಕಕ್ಕೆ," ಅಂದರು ಅತ್ತೆ. ಉದುರಿದ ಗುಂಡುಸೂಜಿ ಎತ್ತಲು ಇಟ್ಟುಕೊಂಡ, ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತವನ್ನು ಗುಡ್ಡೆಯ ಮೇಲೆ ಎರಡು ಸಲ ಆಡಿಸಿದರು. ಇಪ್ಪತ್ತು ಗುಂಡುಸೂಜಿ, ಕಳೆದುಹೋಯಿತೆಂದು ಅತ್ತೆ ನನ್ನ ಮೇಲೆ ಅನುಮಾನ ಪಟ್ಟಿದ್ದ ಒಂದು ಪುಟ್ಟ ಕತ್ತರಿ, ಮತ್ತು ನಮ್ಮ ಸ್ಪ್ರಿಂಗು ಅಂಟಿಕೊಂಡು ಬಂದವು. ಕತ್ತರಿಯನ್ನು ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕ್ಷಮೆ ಕೇಳುವುದು ಅವರ ಮನೆತನದಲ್ಲಿಲ್ಲ. ಅದು ನನ್ನದೂ ಮನೆತನ, ಹಾಗಾಗಿ ಬಿಟ್ಟುಬಿಟ್ಟೆ.

ಗುಂಡಿ ಹೊಲಿಯುವ ದಾರವನ್ನು ಎಂಟು ಎಳೆ ಮಾಡಿ ಸ್ಪ್ರಿಂಗಿನ ಕೊಕ್ಕೆಗೆ ಕಟ್ಟಿ, ಅತ್ತೆ ಒಂದೇ ಸಲ ಎಳೆದು ಕೂರಿಸಿದರು. ಇನ್ನು ಡ್ರಮ್ ಮೇಲೆ ಹಾಕುವುದೊಂದೇ ಬಾಕಿ. ಹಾಕಿದೆ. ಅರ್ಧ ಹೋಗಿ ಕಚ್ಚಿಕೊಂಡಿತು. ತೆಗೆದು, ತಿರುಗಿಸಿ ಹಾಕಿದೆ. ಮತ್ತೆ ಅರ್ಧ. ಬ್ರೇಕಿನ ಕೇಬಲ್ ಪೂರ್ತಿ ಸಡಿಲ ಬಿಟ್ಟು ನೋಡಿದೆವು. ಊಹೂಂ. ಹೊಸ ಲೈನರ್ ಎಲ್ಲೋ ದಪ್ಪ. ಎಷ್ಟು ವರ್ಷ ಅಟ್ಟದ ಮೇಲೆ ಬಿದ್ದಿತ್ತೋ, ಯಾವ ಅಚ್ಚಿನಲ್ಲಿ ಎರೆದದ್ದೋ.

"ನೋಡು," ಅಂದರು ಅಪ್ಪ ಜಗುಲಿಯಿಂದ. ಅಷ್ಟೇ ಅಂದರು. ಆದರೆ ಆ 'ನೋಡು' ಒಳಗೆ ಟೆಂಪೋ ಹಾರನ್ ಕೇಳಿಸಿತು. ಗಂಟೆ ಹನ್ನೆರಡೂವರೆ.

"ಸುತ್ತಿಗೆ ಕೊಡಿ ಅತ್ತೆ. ಒಂದೆರಡು ಏಟು ಹಾಕಿದ್ರೆ ಕೂತ್ಕೊಳ್ಳುತ್ತೆ."

"ಅಂಗಿ ತೋಳು ಬಿಗಿಯಾದ್ರೆ ಸುತ್ತಿಗೇಲಿ ಹೊಡೆದು ಹಾಕ್ಕೋತೀಯೇನೋ?"

ಹೇಳಿದ ಮಾತು ಅವರ ಕಿವಿಗೇ ಬಿದ್ದಿರಬೇಕು. ಡ್ರಮ್ ನೋಡಿದರು, ಶೂ ನೋಡಿದರು, ತಮ್ಮ ಕೈಯಲ್ಲಿದ್ದ ಸೀಮೆಸುಣ್ಣದ ಬಿಲ್ಲೆ ನೋಡಿದರು. ಆಮೇಲೆ ಕಾಲು ಮಡಿಸಿ ಕೂತು, ಡ್ರಮ್ಮಿನ ಒಳಮೈಗೆಲ್ಲ ಒತ್ತಿ ಒತ್ತಿ ಸೀಮೆಸುಣ್ಣ ಬಳಿದರು.

"ಇದೇನು ಮಾಡ್ತಿದೀರಾ?"

"ಟ್ರಯಲ್ ನೋಡ್ತಿದೀನಿ. ಎಲ್ಲಿ ಬಿಗಿ ಅಂತ ಬಟ್ಟೇನೇ ಹೇಳುತ್ತೆ, ನಾವು ಕೇಳ್ಬೇಕು ಅಷ್ಟೇ."

ಡ್ರಮ್ಮನ್ನು ಹೋಗುವಷ್ಟು ಒಳಗೆ ತಳ್ಳಿ, ಒಂದಿಷ್ಟು ಹಿಂದೆ ಮುಂದೆ ತಿರುಚಿ, ಹೊರಗೆಳೆದರು. ಕಪ್ಪು ಲೈನರಿನ ಮೇಲೆ ಮೂರು ಕಡೆ ಬಿಳಿ ಮಚ್ಚೆ. ಬಿಗಿ ಇದ್ದದ್ದು ಅಲ್ಲಿ ಮಾತ್ರ. ಉಳಿದ ಕಡೆ ಲೈನರ್ ಡ್ರಮ್ಮನ್ನು ಮುಟ್ಟಿಯೇ ಇರಲಿಲ್ಲ.

"ಮೂಗಿಗೆ ಬಟ್ಟೆ ಕಟ್ಕೋ. ಅರ ತಗೋ. ಬಿಳಿ ಇರೋ ಕಡೆ ಮಾತ್ರ ಉಜ್ಜು. ಬಿಳಿ ಹೋಗೋವರೆಗೆ, ಅದಕ್ಕಿಂತ ಒಂದು ಉಜ್ಜೂ ಹೆಚ್ಚು ಬೇಡ. ಕಡಿಮೆ ಕತ್ತರಿಸಿದ್ರೆ ಮತ್ತೆ ಕತ್ತರಿಸಬಹುದು, ಹೆಚ್ಚು ಕತ್ತರಿಸಿದ್ರೆ ಅಂಟಿಸೋರು ಯಾರು?"

ಉಜ್ಜಿದೆ. ಮತ್ತೆ ಸೀಮೆಸುಣ್ಣ, ಮತ್ತೆ ಡ್ರಮ್ಮು, ಮತ್ತೆ ಮಚ್ಚೆ. ಈ ಸಲ ಐದು ಕಡೆ, ಆದರೆ ಸಣ್ಣವು. ಡ್ರಮ್ ಮುಕ್ಕಾಲು ಒಳಗೆ ಹೋಗಿತ್ತು. ಕೋಟಿಗೆ ಮೂರು ಟ್ರಯಲ್ ನೋಡುವ ಅತ್ತೆ ಈ ಡ್ರಮ್ಮಿಗೆ ಒಂಬತ್ತು ನೋಡಿದರು. ಐದನೆಯದರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆರನೆಯದರಲ್ಲಿ ಡ್ರಮ್ ಪೂರ್ತಿ ಒಳಗೆ ಹೋಯಿತು. ನಾನು ಕೈಯೆತ್ತಿ ಕೂಗಿದೆ.

"ಕೂಗಬೇಡ," ಅಂದರು ಅತ್ತೆ. "ಒಳಗೆ ಹೋದದ್ದು ಮಾತ್ರ. ಒಪ್ಪಿಲ್ಲ ಇನ್ನೂ."

ಏಳರಲ್ಲಿ ಬಿಳಿ ಒಂದು ಕಡೆ ಅಗಲವಾಯಿತು. ಎಂಟರಲ್ಲಿ ಅತ್ತೆ ತಾವೇ ಅರ ತೆಗೆದುಕೊಂಡು, ಲೈನರಿನ ಅಂಚುಗಳನ್ನು ಕಾಲರಿನ ಮೂಲೆ ತಿರುವುವ ಹಾಗೆ ತುಸು ಇಳಿಸಿದರು. ಒಂಬತ್ತರಲ್ಲಿ ಡ್ರಮ್ ಹೊರಗೆಳೆದಾಗ ಎರಡೂ ಶೂಗಳ ಬೆನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಬೆಳ್ಳಗಿದ್ದವು. ಅತ್ತೆ ಹೆಬ್ಬೆರಳು ಆಡಿಸಿ ನೋಡಿದರು. ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದಿತು.

"ಈಗ ಕೂಗು," ಅಂದರು.

ಅಪ್ಪ ಯಾವಾಗಲೋ ಜಗುಲಿ ಇಳಿದು ಬಂದು ನನ್ನ ಹಿಂದೆಯೇ ನಿಂತಿದ್ದರು. ಪುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಒಣಗಲು ಬಿಟ್ಟು, ಕಾಗದದ ಮೇಲಿನ ನಂಬರುಗಳನ್ನು ಹಿಂದಿನಿಂದ ಮುಂದಕ್ಕೆ ಖಾಲಿ ಮಾಡುತ್ತ ಬಂದೆವು. ಒಂಬತ್ತು, ಎಂಟು, ಏಳು ಅಂತ ಅಪ್ಪನೇ ಒಂದೊಂದು ಎತ್ತಿಕೊಟ್ಟರು. ಹೊಸ ಕಾಟರ್ ಪಿನ್ ಹಾಕಿ ಅದರ ಎರಡೂ ತುದಿ ಮಡಿಸಿದೆ. ಪ್ಲಗ್ಗಿನ ತೂತಿನಿಂದ ಹುರಿ ಎಳೆದುಕೊಂಡೆವು. ಪೆಡಲು ಎರಡು ಬೆರಳಿನಷ್ಟು ತಗ್ಗಿದ ಮೇಲೆ ಹಿಡಿಯುವ ಹಾಗೆ ಕೇಬಲ್ ಬಿಗಿ ಮಾಡಿದೆವು. ಗಂಟೆ ಎರಡೂ ಮುಕ್ಕಾಲು.

ಅತ್ತೆ ಕಿಕ್ ಹೊಡೆದು, ಓಣಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದರು. ನಮ್ಮ ಗೇಟಿನ ಎದುರು ಕಾಲು ಒತ್ತಿದರು. ಗಾಡಿ ನಿಂತಿತು. ಜಾರಲಿಲ್ಲ, ಕಿರುಚಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. ನಿಂತುಬಿಟ್ಟಿತು.

"ನಾನು ಗಾಡೀಲಿ ಮುಂದೆ ಹೋಗಿರ್ತೀನಿ," ಅಂದರು. "ಹೊಸ ಶೂ ಪಳಗಬೇಕು, ದಾರಿಯುದ್ದ ಮೆಲ್ಲಗೆ ಒತ್ತಿ ಒತ್ತಿ ಬಿಡ್ತೀನಿ. ನೀವಿಬ್ರೂ ಬಸ್ಸಲ್ಲಿ ಬನ್ನಿ."

ನಾವು ತಲುಪಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ. ಕಚೇರಿಯ ಹಿಂದಿನ ಇಳಿಜಾರಿನ ಬುಡದಲ್ಲಿ ಅತ್ತೆ ಗಾಡಿಯ ಮೇಲೆ ನೆಟ್ಟಗೆ ಕೂತಿದ್ದರು. ಕೊರಳಿಗೆ ಸೀಟಿ ನೇತುಹಾಕಿಕೊಂಡ ತೆಳ್ಳನೆಯ ಇನ್‌ಸ್ಪೆಕ್ಟರು ಚೀಟಿ ನೋಡಿ ತಲೆ ಅಲ್ಲಾಡಿಸಿದರು.

"ಮತ್ತೆ ಬಂದ್ರಾ ಅಮ್ಮಾ? ಆ ಕಂಬ ಇನ್ನೂ ಅಲ್ಲೇ ಇದೆ."

"ಇರಲಿ ಸ್ವಾಮಿ. ಇವತ್ತು ಅದರ ಹತ್ರ ಕೆಲಸ ಇಲ್ಲ."

"ಎರಡನೇ ಸಲ ಬಂದವರಿಗೆ ನಿಯಮ ಬೇರೆ. ಹಿಂದೆ ಒಬ್ರನ್ನ ಕೂರಿಸ್ಕೊಂಡು ಇಳಿಜಾರಿನ ಮಧ್ಯ ನಿಲ್ಲಿಸ್ಬೇಕು. ಎಂಜಿನ್ ಆಫ್, ಗೇರಿಲ್ಲ, ಹಿಂದಿನ ಬ್ರೇಕ್ ಮಾತ್ರ. ನಾನು ಹತ್ತು ಎಣಿಸೋವರೆಗೆ ಅಲುಗಬಾರದು."

ನಾನು ಎದೆ ಉಬ್ಬಿಸಿ ಮುಂದೆ ಬಂದೆ. ಇನ್‌ಸ್ಪೆಕ್ಟರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಇವರು ಬೇಡ. ಇವರು ಕೂತರೂ ಒಂದೇ, ಸೀಟಿನ ಮೇಲೆ ಟವೆಲ್ ಹಾಕಿದ್ರೂ ಒಂದೇ." ಬೆರಳು ಅಪ್ಪನ ಕಡೆ ತಿರುಗಿತು. "ಅವರು ಬರಲಿ. ತೂಕ ಅಂದ್ರೆ ಅದು."

ಅಪ್ಪ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ತಂಗಿ ಗಾಡಿ ಕೊಂಡು ಮೂವತ್ತೇಳು ವರ್ಷವಾಗಿತ್ತು. ಅಷ್ಟೂ ವರ್ಷದಲ್ಲಿ ಅಪ್ಪ ಒಮ್ಮೆಯೂ ಆ ಹಿಂದಿನ ಸೀಟಿನಲ್ಲಿ ಕೂತವರಲ್ಲ. ಮಳೆಯಲ್ಲಿ ನೆನೆದುಕೊಂಡು ನಡೆದಿದ್ದಾರೆ, ಬಸ್ಸು ತಪ್ಪಿ ಮದುವೆ ತಪ್ಪಿಸಿಕೊಂಡಿದ್ದಾರೆ, ಕೂತಿಲ್ಲ.

"ಎಲ್ಲಿ ಹಿಡ್ಕೋಬೇಕು?" ಅಂದರು ಹಿಂದಿನ ಸೀಟನ್ನು ತಡವುತ್ತ.

"ಎಲ್ಲಾದ್ರೂ ಹಿಡ್ಕೋ ಅಣ್ಣ. ಕಣ್ಣು ಮುಚ್ಕೊಂಡ್ರೂ ಪರವಾಗಿಲ್ಲ, ನನ್ನ 'ಪುಟ್ಟಿ' ಅಂತ ಮಾತ್ರ ಇಲ್ಲಿ ಕರೀಬೇಡ."

ಗಾಡಿ ಇಬ್ಬರನ್ನೂ ಹೊತ್ತು ಗುರುಗುಟ್ಟುತ್ತ ಏರಿತು. ಮಧ್ಯಕ್ಕೆ ಬಂದಾಗ ಇನ್‌ಸ್ಪೆಕ್ಟರು ಸೀಟಿ ಊದಿದರು. ಅತ್ತೆ ಎಂಜಿನ್ ಆರಿಸಿದರು, ಬಲಗಾಲು ಒತ್ತಿದರು, ಮುಂದಿನ ಬ್ರೇಕಿನ ಮೇಲಿಂದ ಬೆರಳು ತೆಗೆದು ಎಲ್ಲರಿಗೂ ಕಾಣುವ ಹಾಗೆ ಅಂಗೈ ಬಿಡಿಸಿ ಹಿಡಿದರು. ಇಳಿಜಾರು ಕೆಳಗಿನಿಂದ ಕಾಣುವುದಕ್ಕಿಂತ ಕಡಿದಾಗಿತ್ತು.

"ಒಂದು," ಇನ್‌ಸ್ಪೆಕ್ಟರು ಎಣಿಸಿದರು. "ಎರಡು. ಮೂರು."

ಗಾಡಿ ನಿಂತಿತ್ತು. ಅಪ್ಪನ ಕಣ್ಣು ಮುಚ್ಚಿತ್ತು.

"ಆರು. ಏಳು..."

ಇನ್‌ಸ್ಪೆಕ್ಟರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. "ಹಲೋ? ಹಾಂ ಸಾರ್. ಇಲ್ಲ ಸಾರ್, ಆ ಫೈಲು ನನ್ನ ಹತ್ರ ಇಲ್ಲ, ಮೇಲಿನ ಕಪಾಟಲ್ಲಿದೆ." ಬೆನ್ನು ತಿರುಗಿಸಿ ಮಾತಿಗಿಳಿದರು. ಆ ಫೈಲು ಕೆಂಪೋ ನೀಲಿಯೋ ಅಂತ ಚರ್ಚೆ ಶುರುವಾಯಿತು. ನೀಲಿ ಅಂತ ತೀರ್ಮಾನವಾಯಿತು. ಆಮೇಲೆ ಕಪಾಟಿನ ಬೀಗದ ಕೈ. ಇಳಿಜಾರಿನ ಮಧ್ಯೆ ನನ್ನ ಅತ್ತೆ, ಅತ್ತೆಯ ಹಿಂದೆ ನನ್ನ ಅಪ್ಪ, ಇಬ್ಬರ ಕೆಳಗೆ ಐವತ್ತೊಂದು ವರ್ಷದ ಸ್ಕೂಟರು, ಹೊಲಿದಿಟ್ಟ ಗುಂಡಿಯ ಹಾಗೆ ಒಂದು ಎಳೆಯೂ ಕದಲದೆ ನಿಂತಿದ್ದವು. ಪರೀಕ್ಷೆಗೆ ಬಂದಿದ್ದ ಲಾರಿ ಡ್ರೈವರುಗಳು ಇಬ್ಬರು ಟೀ ಲೋಟ ಹಿಡಿದುಕೊಂಡೇ ನೋಡಲು ಬಂದರು.

ಎರಡು ನಿಮಿಷವಾಯಿತು. ಮೇಲಿನಿಂದ ಅಪ್ಪನ ದನಿ, ಎಲ್ಲ ದಿಕ್ಕಿಗೂ ಕೇಳುವ ಹಾಗೆ:

"ಸ್ವಾಮೀ! ಎಂಟು!"

ಇನ್‌ಸ್ಪೆಕ್ಟರು ಬೆಚ್ಚಿ ತಿರುಗಿದರು. ಗಾಡಿಯನ್ನು ನೋಡಿದರು, ಕೆಳಗಿನ ಕಂಬವನ್ನು ನೋಡಿದರು. ಫೋನು ಜೇಬಿಗೆ ಹಾಕಿಕೊಂಡರು.

"ಒಂಬತ್ತು, ಹತ್ತು ಏನೂ ಬೇಡ, ಇಳೀರಿ," ಅಂದರು. ಲಾರಿ ಡ್ರೈವರುಗಳು ಚಪ್ಪಾಳೆ ಹೊಡೆದರು.

ಚೀಟಿಗೆ ಮೊಹರು ಬಿತ್ತು. ಬೀಳುವಾಗ ಇನ್‌ಸ್ಪೆಕ್ಟರು ಕೇಳಿದರು, "ಯಾರಮ್ಮಾ ಶೂ ಹಾಕಿಕೊಟ್ಟಿದ್ದು? ಇಂಥ ಗಾಡಿ ಇನ್ನೂ ನಾಲ್ಕಿವೆ ನನ್ನ ಲಿಸ್ಟಲ್ಲಿ."

"ಹಾಕಿದ್ದು ನಾನು," ಅಂದರು ಅತ್ತೆ. ಒಂದು ಕ್ಷಣ ತಡೆದು, ಮೂಗಿನ ತುದಿಯಿಂದ ನನ್ನ ಕಡೆ ತೋರಿಸಿದರು. "ಅರ ಹಿಡಿದಿದ್ದು ಇವನು. ಹೇಳಿದ ಕಡೆ ಉಜ್ಜುತ್ತಾನೆ."

ನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ಪ್ರಶಂಸಾಪತ್ರ ನನಗೆ ಯಾರೂ ಕೊಟ್ಟಿರಲಿಲ್ಲ.

ಹೋಟೆಲಿನವನಿಗೆ ಅಪ್ಪನೇ ಫೋನು ಮಾಡಿದರು. "ಟೆಂಪೋ ಕಳಿಸಬೇಡಪ್ಪ. ಇಲ್ಲ, ಇಲ್ಲ, ಹೆಚ್ಚು ಕೊಟ್ರೂ ಇಲ್ಲ. ನಮ್ಮ ತಂಗಿ ಓಡಿಸೋ ಗಾಡಿ ಅದು. ನಿನ್ನ ಗೋಡೆಗೆ ಒಂದು ಗಡಿಯಾರ ಹಾಕ್ಕೋ, ಟೈಮಾದ್ರೂ ಗೊತ್ತಾಗುತ್ತೆ."

ಅಷ್ಟು ಮಾತಾಡಿದ್ದೂ ಹಿಂದಿನ ಸೀಟಿನ ಮೇಲೆ ಕೂತುಕೊಂಡೇ. ಇಳಿಜಾರಿನಿಂದ ಬಂದ ಮೇಲೆ ಅಪ್ಪ ಕೆಳಗಿಳಿದೇ ಇರಲಿಲ್ಲ.

"ಇಳಿಯೋ ಅಣ್ಣ, ಪರೀಕ್ಷೆ ಮುಗೀತು," ಅಂದರು ಅತ್ತೆ.

"ಯಾಕೆ ಇಳೀಬೇಕು? ಗಾಡಿ ಪಾಸಾಗಿದ್ಯಲ್ಲ."

ಅತ್ತೆ ನನ್ನ ಕಡೆ ನೋಡಿದರು. ನಾನು ಬಸ್ ನಿಲ್ದಾಣದ ಕಡೆ ನೋಡಿದೆ. ಒಂದೇ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಿತು. ಅಪ್ಪ ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದು ಕೈಯಲ್ಲಿ ಮೊಹರು ಬಿದ್ದ ಚೀಟಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದರು. ಕಚೇರಿಯ ಗೇಟು ದಾಟಿ, ಮುಖ್ಯರಸ್ತೆಯ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಕೆಂಪು ದೀಪ ಬಿತ್ತು. ಅತ್ತೆ ಬಿಳಿಗೆರೆಗೆ ಒಂದು ಗೇಣು ಹಿಂದೆ, ಕತ್ತರಿಸಿದ ಹಾಗೆ ನಿಲ್ಲಿಸಿದರು. ಅಪ್ಪನ ಹಣೆ ಅವರ ಬೆನ್ನಿಗೆ ಬಡಿಯಿತು. ಅಷ್ಟು ದೂರದಿಂದಲೂ ನನಗೆ ಅತ್ತೆಯ ಬೈಗುಳ ಕೇಳಿಸಿತು, ಅದರ ಹಿಂದೆಯೇ ಇಬ್ಬರೂ ನಕ್ಕದ್ದೂ ಕೇಳಿಸಿತು. ದೀಪ ಹಸಿರಾಯಿತು.